ತಂಗಿಗೆ ಬಂದ ಚಳಿ

ಆ ಊರಿನಲ್ಲಿ ಮೈಗೊಂದು ಮನೆ. ಗಂಡನಿಗೊಂದು, ಹೆಂಡತಿಗೊಂದು, ಅತ್ತೆಗೊಂದು, ಸೊಸೆಗೊಂದು. ಮನೆಗೆ ಆದದ್ದು ಮೈಗೆ ಆಗುತ್ತದೆ, ಮೈಗೆ ಆದದ್ದು ಮನೆಗೆ. ಸೂರು ಸೋರಿದರೆ ನೆಗಡಿ, ಜಂತಿ ಸಡಿಲವಾದರೆ ಮಂಡಿನೋವು. ಹಾಗಾಗಿ ಅಲ್ಲಿಯವರು ಕನ್ನಡಿ ನೋಡುವುದಕ್ಕಿಂತ ಗೋಡೆ ನೋಡುವುದೇ ಹೆಚ್ಚು. ಅದರಲ್ಲೂ ತಮ್ಮ ಗೋಡೆಗಿಂತ ಪಕ್ಕದವರ ಗೋಡೆಯನ್ನು ನೋಡುವುದು ಹೆಚ್ಚು.

ಪ್ರತಿ ಮನೆಯಲ್ಲೂ ಬಾಗಿಲು ದಾಟಿದ ಕೂಡಲೇ ಒಂದು ಇಕ್ಕಟ್ಟಾದ ದಾರಿ. ಅದಕ್ಕೆ ಮನೆಯ ಕುತ್ತಿಗೆ ಎಂದು ಹೆಸರು. ಕುತ್ತಿಗೆಯ ಗೂಡಿನಲ್ಲಿ ಅಂಗೈಯಗಲದ ಒಂದು ಮಣ್ಣಿನ ಅಗ್ಗಿಷ್ಟಿಕೆ, ಅದರೊಳಗೆ ಕೆಂಡ. ಮನೆಯ ಬಿಸಿಯೆಲ್ಲ ಅದರದೇ. ಅದು ಹದವಾಗಿದ್ದರೆ ಹಾಲು ಹೊತ್ತಿಗೆ ಸರಿಯಾಗಿ ಹೆಪ್ಪಾಗುತ್ತದೆ, ಹಿಟ್ಟು ಹುಳಿ ಬರುತ್ತದೆ, ಮನೆಯವಳ ಕೂದಲು ಬೆಳೆಯುತ್ತದೆ, ನೆನಪು ನೆಟ್ಟಗಿರುತ್ತದೆ. ಅದು ಮನೆಯ ಜೊತೆಗೇ ಹುಟ್ಟಿ ಬರುವಂಥದು. ಒಡೆದರೆ ಅಂಗಡಿಯಿಂದ ಇನ್ನೊಂದು ತಂದಿಡಲಾಗುವುದಿಲ್ಲ. ಇರುವಷ್ಟು ದಿನ ಯಾರೂ ಅದರತ್ತ ತಿರುಗಿಯೂ ನೋಡುವುದಿಲ್ಲ.

ಇನ್ನು ಮನೆಗೊಬ್ಬ ಕಾವಲಿನವನು. ಅವನೂ ಮನೆಯ ಜೊತೆಗೆ ಹುಟ್ಟಿದವನು. ಕೈಯಲ್ಲಿ ಹಾರೆ ಹಿಡಿದು ಮನೆಯೊಳಗೆ ಸುತ್ತುತ್ತಲೇ ಇರುತ್ತಾನೆ. ಎದುರಾದದ್ದಕ್ಕೆಲ್ಲ ಹಾರೆಯ ತುದಿ ತಾಗಿಸಿ, "ಯಾರದು?" ಎನ್ನುತ್ತಾನೆ. ಬೀಸುವ ಕಲ್ಲು, ನಮ್ಮದು ಎನ್ನುತ್ತದೆ. ತೊಟ್ಟಿಲು, ನಮ್ಮದು ಎನ್ನುತ್ತದೆ. ಅಗ್ಗಿಷ್ಟಿಕೆ ಸಣ್ಣ ದನಿಯಲ್ಲಿ, ನಮ್ಮದು ಎನ್ನುತ್ತದೆ. ಹಾರೆ ಕೆಳಗಿಳಿಯುತ್ತದೆ. ಉತ್ತರ ಬಾರದಿದ್ದರೆ ಅದನ್ನು ಪುಡಿಗಟ್ಟುತ್ತಾನೆ. ಹೊಟ್ಟೆಕಿಚ್ಚಿನಲ್ಲಿ ಅವನನ್ನು ಮೀರಿಸುವವರಿಲ್ಲ. ಬೇರೆಯವರ ಮನೆಯ ಒಂದು ಕಡ್ಡಿ ಒಳಗೆ ಬಂದರೂ ಅವನಿಗೆ ಸಹಿಸಲಾಗದು.

ಅಂಥವನನ್ನೂ ಏಮಾರಿಸುವ ಒಂದು ವಸ್ತುವಿದೆ. ಕೆಲವು ಮನೆಗಳಲ್ಲಿ ಯಾರೂ ಕಟ್ಟದ ಕೋಣೆಯೊಂದು ತಾನಾಗಿ ಬೆಳೆಯುತ್ತದೆ. ಅದೇ ಮಣ್ಣು, ಅದೇ ಸುಣ್ಣ. ಊರವರು ಅದನ್ನು ಗಡ್ಡೆಕೋಣೆ ಎನ್ನುತ್ತಾರೆ, ಅದೂ ದನಿ ತಗ್ಗಿಸಿ. ಅದು ಇವತ್ತು ಉಗ್ರಾಣವನ್ನು ನುಂಗುತ್ತದೆ, ನಾಳೆ ಅಡುಗೆಮನೆಯನ್ನು, ಕೊನೆಗೆ ನಡುಗಂಬವನ್ನು. ನಡುಗಂಬ ಹೋದರೆ ಮನೆ ಹೋಯಿತು, ಮನೆಯವಳೂ ಹೋದಳು. ಕಾವಲಿನವನು ಅದರ ಗೋಡೆಗೂ ಹಾರೆ ತಾಗಿಸಿ, ಯಾರದು ಎನ್ನುತ್ತಾನೆ. ಗಡ್ಡೆಕೋಣೆ ಮನೆಯಲ್ಲಿರುವ ಎಲ್ಲಕ್ಕಿಂತ ಗಟ್ಟಿಯಾಗಿ, ನಮ್ಮದು ನಮ್ಮದು ಎನ್ನುತ್ತದೆ. ಅವನು ತಲೆಯಾಡಿಸಿ ಮುಂದೆ ಹೋಗುತ್ತಾನೆ.

ಆ ಊರಿನಲ್ಲಿ ಒಬ್ಬ ಅಕ್ಕ, ಒಬ್ಬ ತಂಗಿ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ತಂಗಿ ಹುಟ್ಟಿದ ದಿನ ಅಕ್ಕ ತೊಟ್ಟಿಲಿನೊಳಗೆ ಇಣುಕಿ, ಇದನ್ನು ವಾಪಸ್ಸು ಯಾವಾಗ ಕಳಿಸುತ್ತೀರಿ ಎಂದು ಕೇಳಿದವಳು. ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಅವಳು ಕೇಳುವುದನ್ನು ಬಿಡಲೂ ಇಲ್ಲ. ತಂಗಿಯ ಜಡೆ ದಪ್ಪ, ತಂಗಿಯ ನಗು ಚೆಂದ, ತಂಗಿಯ ಅಂಗಳದಲ್ಲಿ ಬಿಸಿಲು ಹೆಚ್ಚು. ತಂಗಿಗೆ ಜ್ವರ ಬಂದಾಗಲೂ ನೋಡಲು ಬಂದವರ ಸಂಖ್ಯೆ ಅಕ್ಕನ ಕಣ್ಣು ಕುಕ್ಕುತ್ತಿತ್ತು. ಪ್ರೀತಿ ಇರಲಿಲ್ಲವೆಂದಲ್ಲ. ತಂಗಿಯನ್ನು ಬೇರೆ ಯಾರಾದರೂ ಒಂದು ಮಾತು ಅಂದರೆ ಅಕ್ಕ ಅವರ ಜನ್ಮ ಜಾಲಾಡಿಬಿಡುತ್ತಿದ್ದಳು. ಆದರೆ ತಂಗಿಗೊಂದು ಸಿಕ್ಕರೆ ತನ್ನಿಂದ ಒಂದು ಕಿತ್ತುಕೊಂಡಂತೆ ಅವಳಿಗೆ ಕಾಣುತ್ತಿತ್ತು. ಹಾಗೆ ಹುಟ್ಟಿದವರು ಇರುತ್ತಾರೆ, ಏನು ಮಾಡುವುದು.

ಒಂದೇ ಚಳಿಗಾಲದಲ್ಲಿ ಇಬ್ಬರ ಮನೆಯಲ್ಲೂ ಗಡ್ಡೆಕೋಣೆ ಬೆಳೆಯಿತು. ಒಂದೇ ತಾಯಿಯ ಮಕ್ಕಳ ಮನೆಗಳಲ್ಲಿ ಹಾಗಾಗುವುದುಂಟು. ಇಬ್ಬರೂ ಸೆರಗು ಹೊದ್ದು ಒಟ್ಟಿಗೇ ಪಂಡಿತನ ಬಳಿಗೆ ಹೋದರು.

ಪಂಡಿತ ಹೇಳಿದ್ದು ಇಷ್ಟು. ಕೋಣೆಯ ಬಲವೆಲ್ಲ ಅದರ ಬಾಯಲ್ಲಿದೆ. ಅದನ್ನು ಮುಚ್ಚಿಸಲು ನನ್ನಿಂದಾಗದು, ಆದರೆ ಕಾವಲಿನವನ ಕಿವಿ ಮುಚ್ಚಬಲ್ಲೆ. ಕಿವಿಗೆ ಬಿಸಿ ಮೇಣ ಹೊಯ್ಯುತ್ತೇನೆ. ಆಮೇಲೆ ಯಾರು ನಮ್ಮದು ಎಂದರೂ ಅವನಿಗೆ ಕೇಳಿಸದು, ಮೂಗಿನಿಂದಲೇ ಗುರುತು ಹಿಡಿಯಬೇಕು. ಕೆಲವು ಕಾವಲಿನವರು ಎದ್ದು ಕೋಣೆಯನ್ನು ಪುಡಿ ಮಾಡುತ್ತಾರೆ. ಕೆಲವರು ಏಳುವುದೇ ಇಲ್ಲ. ಎದ್ದವರ ಕೈ ಎಲ್ಲಿ ನಿಲ್ಲುತ್ತದೆಂದು ಹೇಳಲಾರೆ. ಹೊಂಗೆ ಹೂ ಬಿಡುವುದರೊಳಗೆ ಎದ್ದರೆ ಸರಿ, ಏಳದಿದ್ದರೆ ಕೆಡವುವವರನ್ನು ಕರೆಸುತ್ತೇನೆ.

ಕೆಡವುವವರ ಹೆಸರೆತ್ತಿದರೆ ಆ ಊರಿನಲ್ಲಿ ಎಲ್ಲರೂ ಎದ್ದು ಒಳಗೆ ಹೋಗುತ್ತಾರೆ. ಅವರು ಹಗ್ಗ, ಸುತ್ತಿಗೆ ತರುತ್ತಾರೆ. ಯಾವುದು ಮನೆಯದು, ಯಾವುದು ಅಲ್ಲ ಎಂದು ನೋಡುತ್ತಾ ಕೂರುವುದಿಲ್ಲ. ಅವರು ಕೋಣೆಯ ಜೊತೆಗೆ ಅರ್ಧ ಮನೆಯನ್ನೂ ಕೆಡವಿ ಹೋಗುತ್ತಾರೆ.

ಇಬ್ಬರ ಕಾವಲಿನವರಿಗೂ ಮೇಣ ಹೊಯ್ದದ್ದಾಯಿತು. ತಂಗಿಯ ಕಾವಲಿನವನು ಕೆಲವೇ ದಿನದಲ್ಲಿ ಎದ್ದ. ಗಡ್ಡೆಕೋಣೆಯ ಮುಂದೆ ನಿಂತು ಯಾರದು ಎಂದ. ಅದು ಕೂಗಿಕೊಂಡಿತು, ಅವನಿಗೆ ಕೇಳಿಸಲಿಲ್ಲ. ಮೂಸಿ ನೋಡಿ ಹಾರೆ ಎತ್ತಿದ. ಬೀದಿಯವರೆಲ್ಲ ಜಗುಲಿಗೆ ಬಂದು ಗೋಡೆ ಬೀಳುವ ಸದ್ದು ಕೇಳಿದರು. ಅಕ್ಕನೂ ತನ್ನ ಬಾಗಿಲಲ್ಲಿ ನಿಂತು ಕೇಳಿದಳು. ತಂಗಿ ಬದುಕಿದಳು ಎಂಬ ಸಂತೋಷ ಅವಳಿಗೆ ನಿಜಕ್ಕೂ ಆಯಿತು, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಅವಳು ಒಳಗೆ ತಿರುಗಿ ತನ್ನ ಕಾವಲಿನವನನ್ನು ನೋಡಿದಳು. ಅವನು ಮೊಣಕಾಲು ಅಪ್ಪಿಕೊಂಡು ಮೂಲೆಯಲ್ಲಿ ಕೂತಿದ್ದ.

ತಂಗಿಯ ಕಾವಲಿನವನ ಕೈ ಅಲ್ಲಿಗೇ ನಿಲ್ಲಲಿಲ್ಲ. ಎತ್ತಿದ ಹಾರೆ ಇಳಿಸದೆ ನೇರವಾಗಿ ಮನೆಯ ಕುತ್ತಿಗೆಗೆ ಬಂದ. ಯಾರದು ಎಂದ. ಹುಟ್ಟಿನಿಂದ ಅವನ ಜೊತೆಗಿದ್ದ ಅಗ್ಗಿಷ್ಟಿಕೆ ತನ್ನ ಸಣ್ಣ ದನಿಯಲ್ಲಿ ಹೇಳಬೇಕಾದದ್ದನ್ನು ಹೇಳಿತು. ಅವನು ಅದನ್ನೂ ಒಡೆದ.

ಕೆಂಡವೆಲ್ಲ ಒಮ್ಮೆಗೇ ನೆಲಕ್ಕೆ ಚೆಲ್ಲಿತು. ಮನೆ ಕಾದ ಹೆಂಚಾಯಿತು. ತಂಗಿಯ ಎದೆ ಡವಡವ ಹೊಡೆದುಕೊಳ್ಳತೊಡಗಿತು, ಕೈ ನಡುಗಿತು. ಉಂಡದ್ದು ಮೈಗೆ ಹತ್ತಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಹಾಗೆ ಕೆಲವು ವಾರ. ಚೆಲ್ಲಿದ ಕೆಂಡ ಬೂದಿಯಾದ ಮೇಲೆ ಚಳಿ ಬಂತು. ಬಿಸಿಲಲ್ಲಿ ಕೂತರೂ ಹೋಗದ ಚಳಿ. ತಂಗಿಯ ಮುಖ ಊದಿತು, ದನಿ ಒಡೆಯಿತು, ಚರ್ಮ ಒರಟಾಯಿತು. ಒಂದು ಮಾತು ಶುರು ಮಾಡಿದರೆ ಮುಗಿಸುವಷ್ಟರಲ್ಲಿ ಏನು ಹೇಳಹೊರಟಿದ್ದಳೆಂದು ಅವಳಿಗೇ ಮರೆಯುತ್ತಿತ್ತು. ಆ ದಪ್ಪ ಜಡೆ ಬಾಚಣಿಗೆಗೆ ಹಿಡಿ ಹಿಡಿಯಾಗಿ ಬಂತು.

ಊರವರಿಗೆ ಇದನ್ನು ಹೇಳಿಕೊಂಡರೆ, ಜೀವ ಉಳಿಯಿತಲ್ಲ, ಇನ್ನೇನು ಬೇಕು ಎಂದರು. ಗಡ್ಡೆಕೋಣೆಯಿಂದ ಮನೆ ಕಳೆದುಕೊಂಡವರ ಮಕ್ಕಳಂತೂ ಅವಳು ಕಂಬಳಿ ಹೊದ್ದು ಬರುವುದನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ತಂಗಿ ಚಳಿಯ ಮಾತು ಆಡುವುದನ್ನು ಬಿಟ್ಟಳು. ಗೋಡೆಯಾಚೆಯ ಅಕ್ಕನ ಬಿಸಿ ಒಂದಿಷ್ಟಾದರೂ ಸಿಗಲಿ ಎಂದು ಮಧ್ಯಾಹ್ನವೆಲ್ಲ ನಡುಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಇದು ಅಕ್ಕನಿಗೆ ಗೊತ್ತಿರಲಿಲ್ಲ.

ಅಕ್ಕನಿಗೆ ಗೊತ್ತಿದ್ದದ್ದು ಇನ್ನೊಂದು. ತಂಗಿಯ ಜಡೆ ಉದುರುತ್ತಿತ್ತು, ಅದು ಅವಳಿಗೆ ಒಳಗೊಳಗೇ ಸಮಾಧಾನ ತಂದಿತ್ತು. ದೇವರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡ, ಲೆಕ್ಕ ಸರಿಹೋಯಿತು ಎಂದುಕೊಂಡಿದ್ದಳು. ಆ ಸಮಾಧಾನವೂ ಬಹಳ ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಪಂಡಿತ ತಂಗಿಯ ಜಗುಲಿಯಲ್ಲಿ ನಿಂತು ಹೇಳುತ್ತಿದ್ದದ್ದು ಅವಳ ಕಿವಿಗೆ ಬಿತ್ತು.

"ಅಗ್ಗಿಷ್ಟಿಕೆ ಒಡೆದ ಮನೆಗಳಲ್ಲಿ ಕೋಣೆ ಮತ್ತೆ ಬೆಳೆಯೋದು ಕಡಿಮೆ ತಾಯಿ. ಕಾವಲಿನವನು ನಿಜವಾಗಿ ಎದ್ದಿದ್ದಾನೆ ಅನ್ನೋದಕ್ಕೆ ಅದೊಂದು ಗುರುತು. ಹಾಗಂತ ಎಲ್ಲರಿಗೂ ಒಡೀಲೇಬೇಕು ಅಂತೇನಿಲ್ಲ."

ಕೊನೆಯ ಮಾತು ಅಕ್ಕನ ಕಿವಿಗೆ ಬೀಳುವಷ್ಟರಲ್ಲಿ ಅವಳ ಹೊಟ್ಟೆಯಲ್ಲಿ ಬೆಂಕಿ ಬಿದ್ದಾಗಿತ್ತು. ಅಂದರೆ ಆ ಚಳಿಯೂ ಭಾಗ್ಯವೇ. ಆ ಊದಿದ ಮುಖವೂ ಭಾಗ್ಯವೇ. ಬದುಕುವವರಿಗೆ ಹಾಕಿದ ಮುದ್ರೆ ಅದು, ಅದೂ ತಂಗಿಗೇ ಬಿತ್ತು.

ಅವತ್ತಿನಿಂದ ಅವಳು ತನ್ನ ಅಗ್ಗಿಷ್ಟಿಕೆಯನ್ನು ದ್ವೇಷಿಸಿದಳು. ಅದು ಬೀದಿಯಲ್ಲೇ ಚೆಂದದ ಅಗ್ಗಿಷ್ಟಿಕೆ. ಕೆಂಡ ದಾಸವಾಳದ ಮೊಗ್ಗಿನ ಹಾಗೆ ಕೆಂಪಗೆ ನಿಂತಿರುತ್ತಿತ್ತು. ಹೋಗುತ್ತಾ ಬರುತ್ತಾ ಅವಳು ಅದನ್ನು ದುರುಗುಟ್ಟಿ ನೋಡಿ, ಇನ್ನೂ ಇದ್ದೀಯಾ ಎನ್ನುತ್ತಿದ್ದಳು. ಕಾವಲಿನವನ ಹಾರೆಯನ್ನು ತಾನೇ ಎತ್ತಿ ಅವನ ಕೈಗಿಟ್ಟಳು, ಅವನು ಅದನ್ನು ಪಕ್ಕಕ್ಕಿಟ್ಟ. ಅವನ ತೋಳು ಹಿಡಿದು ಕುತ್ತಿಗೆಯವರೆಗೆ ಎಳೆದು ತಂದಳು, ಬಿಟ್ಟ ಕೂಡಲೇ ಅವನು ಮೂಲೆಗೆ ಹಿಂತಿರುಗಿದ. ಗಡ್ಡೆಕೋಣೆ ಉಗ್ರಾಣವನ್ನು ನುಂಗಿತು. ಬೀದಿಯ ತುದಿಯ ಹೊಂಗೆ ಮೊಗ್ಗಾಯಿತು.

ಹೊಂಗೆ ಅರಳಿದ ದಿನ ಪಂಡಿತ ಬರುವವನಿದ್ದ. ಆ ದಿನ ನಡುಮಧ್ಯಾಹ್ನ ಅಕ್ಕ ಒಂದು ಚೊಂಬು ನೀರು ತಂದು ಅಗ್ಗಿಷ್ಟಿಕೆಯ ಮೇಲೆ ಹೊಯ್ದಳು. ಚುಂಯ್ ಎಂದು ಹಬೆ ಎದ್ದಿತು. ಕೆಂಡ ಆರುತ್ತಾ ಆರುತ್ತಾ, ಯಾರೂ ಪ್ರಶ್ನೆ ಹಾಕದಿದ್ದರೂ, ನಮ್ಮದು ಎಂದಿತು. ಅವಳಿಗದು ಕೇಳಿಸಿತು. ಒನಕೆ ಎತ್ತಿ ಕುಟ್ಟಿದಳು. ಚೂರುಗಳನ್ನು ಗೂಡಿನಲ್ಲೇ ಬಿಟ್ಟು, ಒದ್ದೆ ನೆಲ ಒರೆಸಿ, ಕಂಬಳಿ ಹೊದ್ದು ಜಗುಲಿಯಲ್ಲಿ ಕೂತಳು. ಚಳಿ ಅವಳು ಎಣಿಸಿದ್ದಕ್ಕಿಂತ ಬೇಗ ಬಂತು.

ಪಂಡಿತ ಬಂದ, ಚೂರು ನೋಡಿದ, ಮುಖ ಅರಳಿಸಿದ. ಕಾವಲಿನವನು ಎದ್ದ ಹಾಗಾಯಿತು, ಕೆಡವುವವರು ಸದ್ಯಕ್ಕೆ ಬೇಡ, ನಿಧಾನವಾಗಿ ಕೋಣೆಯ ಕಡೆಗೂ ಹೋಗುತ್ತಾನೆ, ಕಾಯೋಣ ಎಂದ. ಅಕ್ಕ ಸುಳ್ಳು ಹೇಳಬೇಕಾಗಿಯೂ ಬರಲಿಲ್ಲ. ಅವಳು ತಲೆ ತಗ್ಗಿಸಿ ಕೂತಿದ್ದಳು ಅಷ್ಟೆ.

ಅಗ್ಗಿಷ್ಟಿಕೆ ಒಡೆದವರಿಗಾಗಿ ಆ ಊರಿನಲ್ಲಿ ಊರೊಲೆಯಿದೆ. ಬೆಳಕು ಹರಿಯುವ ಹೊತ್ತಿಗೆ, ಬಾಯಿಗೆ ಒಂದು ತುತ್ತೂ ಹಾಕದೆ, ಬಟ್ಟಲು ಹಿಡಿದು ಸಾಲಾಗಿ ನಿಲ್ಲಬೇಕು. ಒಲೆಯವಳು ಇಕ್ಕಳದಿಂದ ಒಂದೊಂದು ಕೆಂಡ ಹಾಕುತ್ತಾಳೆ. ಆ ಕೆಂಡ ಮಾರನೆಯ ಬೆಳಗಿನವರೆಗೆ ಬರುತ್ತದೆ. ತಪ್ಪದೆ ತಂದರೆ ಊತ ಇಳಿಯುತ್ತದೆ, ನೆನಪು ಮರಳುತ್ತದೆ. ಒಂದು ದಿನಕ್ಕೂ ರಜೆಯಿಲ್ಲ, ಬದುಕಿರುವವರೆಗೂ. ತಂಗಿ ಆಗಲೇ ನಿಲ್ಲುತ್ತಿದ್ದ ಆ ಸಾಲಿಗೆ ಅಕ್ಕನೂ ಸೇರಿದಾಗ ಎಲ್ಲರೂ ಸರಿದು ಜಾಗ ಕೊಟ್ಟರು. ನೀನೂ ಗೆದ್ದೆ ಬಿಡು ಎಂದು ಒಬ್ಬ ಮುದುಕಿ ಅವಳ ಗಲ್ಲ ಸವರಿದಳು. ತಂಗಿಗಿಂತ ತಾನೇ ಹೆಚ್ಚು ನಡುಗುತ್ತಿದ್ದೇನೆ ಎಂದು ಅಕ್ಕ ಒಳಗೇ ಹಿಗ್ಗಿದಳು.

ತಂಗಿಗೆ ಮಾತ್ರ ಏನೋ ಸರಿ ಕಾಣಲಿಲ್ಲ. ಹಲವು ದಿನ ನೋಡಿದಳು. ಒಂದು ಮಧ್ಯಾಹ್ನ ಅಕ್ಕನ ಮನೆಗೆ ಬಂದು, ಗೂಡಿನಲ್ಲಿದ್ದ ಚೂರೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ಅಕ್ಕ, ನನ್ನದು ಒಡೆದಾಗ ನಮ್ಮ ನಡುಗೋಡೆ ಮುಟ್ಟೋಕ್ಕಾಗ್ತಿರ್ಲಿಲ್ಲ, ಹಾಗೆ ಕಾದಿತ್ತು. ನಿಂದು ಒಡೆದ ದಿನ ನಾನು ಅದಕ್ಕೇ ಬೆನ್ನು ಕೊಟ್ಟು ಕೂತಿದ್ದೆ. ಒಂದ್ಸಲಾನೂ ಬಿಸಿ ಆಗ್ಲಿಲ್ಲ. ಇದ್ದಕ್ಕಿದ್ದ ಹಾಗೆ ತಣ್ಣಗಾಯ್ತು."

ಅಕ್ಕ ಮೊದಲು ರೇಗಿದಳು. ಪರರ ಗೋಡೆಗೆ ಬೆನ್ನು ಕೊಟ್ಟು ಕೂರಲು ನಿನಗೆ ಯಾರು ಹೇಳಿದರು ಎಂದಳು. ಆಮೇಲೆ ಅವಳ ಒಡಕು ದನಿ ಇನ್ನಷ್ಟು ಒಡೆಯಿತು.

"ನಿಂಗೆ ಬಂದದ್ದೆಲ್ಲ ನಂಗೂ ಬರ್ಬೇಕಿತ್ತು ಕಣೆ. ಚಳಿ ಬಂದ್ರೆ ಚಳೀನೂ."

"ನಾನು ದಿನಾ ಅಲ್ಲಿ ಕೂತು ನಿನ್ನ ಬಿಸಿಗೆ ಹೊಟ್ಟೆ ಉರ್ಕೊಳ್ತಿದ್ದೆ," ಎಂದಳು ತಂಗಿ. "ನೀನು ಹಿತ್ತಲಲ್ಲಿ ಬರಿಗಾಲಲ್ಲಿ ಓಡಾಡೋದು ಕೇಳ್ಸಿದ್ರೆ ಅಳು ಬರ್ತಿತ್ತು."

ಅಕ್ಕ ಬೆರಗಾದಳು. ಹುಟ್ಟಿದಂದಿನಿಂದ ಅವಳು ಕಾದಿದ್ದದ್ದು ಈ ಒಂದು ಮಾತಿಗೆ. ಅವಳ ಹತ್ತಿರವೂ ತಂಗಿ ಆಸೆಪಡುವಂಥದು ಒಂದಿತ್ತು. ಅದರ ಮೇಲೆ ಅವಳೇ ನೀರು ಹೊಯ್ದಿದ್ದಳು.

ಪಂಡಿತನಿಗೆ ನಿಜ ಹೇಳೋಣ ಎಂದು ತಂಗಿ ಬೇಡಿಕೊಂಡಳು. ಅಕ್ಕ ಒಪ್ಪಲಿಲ್ಲ. ಕೆಡವುವವರು ಬಂದು ತನ್ನ ಅಡುಗೆಮನೆ ಕೆಡವುವುದು, ಇಡೀ ಮನೆಯಿರುವ ತಂಗಿ ಗಂಜಿ ತಂದುಕೊಡುವುದು, ಬೀದಿಯವರು ಅದನ್ನು ನೋಡಿ ಲೊಚಗುಟ್ಟುವುದು, ಅದಕ್ಕಿಂತ ನಡುಗಂಬ ಬಿದ್ದರೂ ಚಿಂತೆಯಿಲ್ಲ ಎಂದಳು. ಯಾರಿಗೂ ಹೇಳಬಾರದೆಂದು ತನ್ನ ತಲೆಯ ಮೇಲೆ ತಂಗಿಯ ಕೈ ಇಡಿಸಿಕೊಂಡಳು. ತಂಗಿ ಮನೆಗೆ ಹೋಗಿ ಸುಮ್ಮನಿದ್ದಳು. ಹೋಗಲಿ, ಅವಳಾಗಿ ತಂದುಕೊಂಡದ್ದು, ನನ್ನ ಚಳಿಯನ್ನೂ ಬಿಡಲಿಲ್ಲವಲ್ಲ ಎಂದು ಅವಳಿಗೂ ಒಂದು ಮನಸ್ಸು ಹೇಳಿತು. ಅಕ್ಕನ ಜಾತಿಯವಳೇ ಅವಳು, ಹೊರಗೆ ಕಾಣುತ್ತಿರಲಿಲ್ಲ ಅಷ್ಟೆ.

ಒಂದು ದಿನ ತಂಗಿ ಅಭ್ಯಾಸಬಲದಿಂದ ತಣ್ಣನೆಯ ನಡುಗೋಡೆಗೆ ಒರಗಿದಾಗ ಆಚೆಯಿಂದ ದನಿ ಬಂತು. ನಮ್ಮದು, ನಮ್ಮದು. ಅಕ್ಕನ ದನಿಯಲ್ಲ, ಅಕ್ಕನ ಮನೆಯ ಯಾವ ವಸ್ತುವಿನ ದನಿಯೂ ಅಲ್ಲ. ಗಡ್ಡೆಕೋಣೆ ಅಡುಗೆಮನೆಯನ್ನು ಸುತ್ತಿ ಬಳಸಿ ನಡುಗೋಡೆಗೆ ಬಂದು ತಾಗಿತ್ತು. ಅಲ್ಲಿಂದ ನಡುಗಂಬಕ್ಕೆ ಎರಡು ಮಾರು. ತಂಗಿ ಚಪ್ಪಲಿಯನ್ನೂ ಮೆಟ್ಟದೆ ಪಂಡಿತನ ಮನೆಗೆ ಓಡಿದಳು.

ಪಂಡಿತ ಯಾರನ್ನೂ ಬೈಯಲಿಲ್ಲ. ಕೆಡವುವವರನ್ನು ಕರೆದುಕೊಂಡು ಬಂದ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು, ತಂಗಿಯನ್ನು ಮನೆಮುರುಕಿ ಎಂದಳು, ತಾನು ಸತ್ತರೆ ಅಂಗಳದ ಬಿಸಿಲೆಲ್ಲ ಅವಳಿಗೇ ಅಲ್ಲವೇ ಎಂದಳು. ತಂಗಿ ಅವಳನ್ನು ಗಟ್ಟಿಯಾಗಿ ತಬ್ಬಿ ಪಕ್ಕಕ್ಕೆ ಎಳೆದುಕೊಂಡಳು. ಕೆಡವುವವರು ಒಳಗೆ ನುಗ್ಗಿ ಗಡ್ಡೆಕೋಣೆಯ ಒಂದು ಮೂಲೆಗೆ ಹಗ್ಗ ಬಿಗಿದು ಜಗ್ಗಿದರು. ಮೂಲೆ ಕುಸಿಯಿತು. ಧೂಳು ಮನೆ ತುಂಬಿತು.

ಆ ಧೂಳು ಮೂಲೆಯಲ್ಲಿ ಕೂತಿದ್ದ ಕಾವಲಿನವನ ಮೂಗಿಗೆ ಹೋಯಿತು. ಅವನು ಒಂದು ಸಲ ಸೀನಿದ. ಮತ್ತೆ ಮೂಸಿದ. ಹೊರಗಿನಿಂದ ಸುಣ್ಣ ಬಳಿದುಕೊಂಡು ನಿಂತಿದ್ದ ಗೋಡೆಯ ಒಳಗಿನ ವಾಸನೆ ಅವನಿಗೆ ಮೊದಲ ಬಾರಿಗೆ ಸಿಕ್ಕಿತ್ತು. ಅವನು ಎದ್ದ. ಹಾರೆ ಎತ್ತಿಕೊಂಡ. ಕೆಡವುವವರು ಅವನ ಮುಖ ನೋಡಿ, ಹಗ್ಗ ಬಿಟ್ಟು ಹಿಂದೆ ಸರಿದರು.

ಅವನು ಒಬ್ಬನೇ ಇಡೀ ಕೋಣೆಯನ್ನು ಪುಡಿ ಮಾಡಿದ. ಬುಡದ ಕಲ್ಲನ್ನೂ ಕಿತ್ತ. ಅಡುಗೆಮನೆಯ ಒಂದು ಇಟ್ಟಿಗೆಯೂ ಅಲುಗಲಿಲ್ಲ. ಆಮೇಲೆ ಹಾರೆ ಹಿಡಿದು ಮನೆಯೊಳಗೆ ಸುತ್ತತೊಡಗಿದ. ತಂಗಿ ಅವನ ಹಾರೆಯ ತುದಿಯನ್ನೇ ನೋಡುತ್ತಾ ನಿಂತಳು. ಇದರ ಮುಂದೇನಾಗಬಹುದೆಂದು ಅವಳು ತನ್ನ ಮನೆಯಲ್ಲೇ ಕಂಡವಳು. ಅವನು ಬೀಸುವ ಕಲ್ಲಿಗೆ ಹಾರೆ ತಾಗಿಸಿದ, ಮೂಸಿದ, ಇಳಿಸಿದ. ತೊಟ್ಟಿಲಿಗೆ ತಾಗಿಸಿದ, ಮೂಸಿದ, ಇಳಿಸಿದ. ಒನಕೆ, ಹಂಡೆ, ನಡುಗಂಬ. ಒಂದನ್ನೂ ಒಡೆಯಲಿಲ್ಲ. ಹಾಗೆಯೇ ಮನೆಯ ಕುತ್ತಿಗೆಗೆ ಬಂದ.

ಗೂಡಿನ ಮುಂದೆ ನಿಂತು ಹಾರೆಯನ್ನು ಗೋಡೆಗೆ ಒರಗಿಸಿದ. ಎರಡೂ ಅಂಗೈ ಮುಂದೆ ಚಾಚಿದ, ಕೆಲಸ ಮುಗಿಸಿದವರು ಬೆಂಕಿಯ ಮುಂದೆ ಚಾಚುವ ಹಾಗೆ. ತುಂಬ ಹೊತ್ತು ಹಾಗೇ ನಿಂತಿದ್ದ. ಬಿಸಿ ಬರಲಿಲ್ಲ. ಚೂರುಗಳನ್ನು ಬೆರಳಿನಿಂದ ಒಂದೊಂದಾಗಿ ಸರಿಸಿ ಅವುಗಳಡಿಯಲ್ಲಿ ಹುಡುಕಿದ. ಆಮೇಲೆ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ಹೋದ.

ಕೊನೆಗೆ ತಂಗಿ ಮಾತಾಡಿದಳು. ಅದರಲ್ಲಿ ಸಮಾಧಾನ ಹೇಳುವ ದನಿಯಿರಲಿಲ್ಲ, ಉರಿಯಿತ್ತು. ಊರಿನಲ್ಲಿ ಯಾರಿಗೂ ಸುಲಭವಾಗಿ ಸಿಗದ್ದು ಅಕ್ಕನ ಕೈಯಲ್ಲಿತ್ತು ಎಂಬ ಉರಿ.

"ನಿನ್ನೋನು ಒಡೀತಿರ್ಲಿಲ್ಲ ಅಕ್ಕ."

ಅಕ್ಕ ಗೂಡಿನ ಕೆಳಗೆ ಕುಸಿದು ಕೂತು ಅತ್ತಳು. ಜೀವ ಉಳಿದ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದು ಊರವರು ತಿಳಿದರು. ಕೆಡವುವವರು ಹಗ್ಗ ಸುತ್ತಿಕೊಂಡು ಹೋದರು.

ಈಗಲೂ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಕಂಬಳಿ ಹೊದ್ದು ಊರೊಲೆಯ ಸಾಲಿನಲ್ಲಿ ನಿಲ್ಲುತ್ತಾರೆ. ಒಲೆಯವಳು ಇಬ್ಬರ ಬಟ್ಟಲಿಗೂ ಒಂದೊಂದು ಕೆಂಡ ಹಾಕುತ್ತಾಳೆ. ಅಕ್ಕ ತನ್ನ ಬಟ್ಟಲು ನೋಡಿ ತಂಗಿಯ ಬಟ್ಟಲಿನೊಳಗೆ ಇಣುಕುತ್ತಾಳೆ. ತಂಗಿ ಮಾತಿಲ್ಲದೆ ಬಟ್ಟಲು ಬದಲಿಸಿಕೊಳ್ಳುತ್ತಾಳೆ. ಇಬ್ಬರೂ ಮನೆಯ ದಾರಿ ಹಿಡಿಯುತ್ತಾರೆ, ಬಟ್ಟಲಿಗೆ ಸೆರಗು ಮರೆ ಮಾಡಿಕೊಂಡು, ಗಾಳಿ ತಾಗದಂತೆ. ನಾಲ್ಕು ಹೆಜ್ಜೆ ಹೋದ ಮೇಲೆ ಅಕ್ಕ ಮತ್ತೆ ನಿಂತು, ತಾನು ಕೊಟ್ಟದ್ದೇ ದೊಡ್ಡದಾಗಿತ್ತೇನೋ ಎಂದು ಇಣುಕಿ ನೋಡುತ್ತಾಳೆ.